‘ಲಿನಕ್ಸ್ ರೆಡಿ’ ಲ್ಯಾಪ್‌ಟಾಪ್, ಒಂದೇ ಕರ್ನಲ್‌ಗೆ ಕಟ್ಟಿದ ಡ್ರೈವರ್: ಕಂಪನಿಗೆ ಒಂದು ದೂರು ಪತ್ರ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು ಹಾಗೂ ಡ್ರೈವರ್ ತಂಡದವರಿಗೆ

ವಿಷಯ: ಲಿನಕ್ಸ್ ಹಾಕಿಯೇ ಮಾರಿದ ಲ್ಯಾಪ್‌ಟಾಪ್‌ನಲ್ಲಿ ಕರ್ನಲ್ ಬದಲಾದ ಕೂಡಲೇ ಸ್ಪೀಕರ್, ಕ್ಯಾಮೆರಾ ಕೆಲಸ ನಿಲ್ಲಿಸುವುದು ಮತ್ತು ಕೇಳಿದರೂ ಡ್ರೈವರ್‌ಗಳ ಸೋರ್ಸ್ ಕೋಡ್ ಕೊಡದಿರುವುದು.

ಮಾನ್ಯರೇ,

ನಿಮ್ಮ ಕಂಪನಿ ‘ಲಿನಕ್ಸ್ ರೆಡಿ’ ಅಂತ ಹೇಳಿ ಮಾರಿದ ಲ್ಯಾಪ್‌ಟಾಪ್ ನನ್ನ ಬಳಿ ಇದೆ. ನೀವೇ ಹಾಕಿಕೊಟ್ಟ ಕರ್ನಲ್‌ನಲ್ಲಿ (ಅಂದರೆ ಯಂತ್ರವನ್ನು ನಡೆಸುವ ಲಿನಕ್ಸ್‌ನ ತಿರುಳಿನಲ್ಲಿ) ಅದು ಹೆಚ್ಚುಕಡಿಮೆ ಚೆನ್ನಾಗಿಯೇ ನಡೆಯುತ್ತದೆ. ಕರ್ನಲ್ ಬದಲಿಸಿದರೆ ಮಾತ್ರ ಸ್ಪೀಕರ್‌ನಲ್ಲಿ ಸದ್ದಿಲ್ಲ, ಕ್ಯಾಮೆರಾ ಕಾಣುವುದಿಲ್ಲ. ಸಹಾಯವಾಣಿಗೆ ಬರೆದರೆ ಪ್ರತಿ ಸಲವೂ ಒಂದೇ ಉತ್ತರ: ‘ಮೂಲ ಕರ್ನಲ್‌ಗೆ ಮರಳಿ, ಇಲ್ಲವೇ ವಿಂಡೋಸ್ ಹಾಕಿಕೊಳ್ಳಿ.’ ಅಷ್ಟು ಹೇಳಿ ಟಿಕೆಟ್ ಮೇಲೆ ‘ಪರಿಹಾರವಾಗಿದೆ’ ಅಂತ ಮುದ್ರೆ ಒತ್ತಿ ಮುಚ್ಚಿಬಿಡುತ್ತಾರೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಿದೆ. ಸಿದ್ಧ ಉತ್ತರ ಅಂಟಿಸುವವರ ಹತ್ತಿರವೇ ನಿಲ್ಲದೆ, ಡ್ರೈವರ್ (ಕರ್ನಲ್ ಒಂದು ಸಾಧನದೊಡನೆ ಮಾತಾಡಲು ಬೇಕಾದ ತಂತ್ರಾಂಶ) ಬರೆಯುವ ಒಬ್ಬರ ಕೈಗಾದರೂ ಇದು ತಲುಪಲಿ ಎಂದು ಕೇಳಿಕೊಳ್ಳುತ್ತೇನೆ.

ಕರ್ನಲ್ ಯಾಕೆ ಬದಲಿಸಿದಿರಿ ಅಂತ ನಿಮ್ಮವರು ಕೇಳಿದ್ದರು. ನೀವು ಕೊಟ್ಟಿದ್ದು 5.15 ಸರಣಿಯ ಕರ್ನಲ್. 2021ರ ಅಕ್ಟೋಬರ್‌ನಲ್ಲಿ ಬಂದ ಈ ಸರಣಿ ದೀರ್ಘಾವಧಿಯದ್ದೇ, ಅದಕ್ಕೆ ಭದ್ರತಾ ತಿದ್ದುಪಡಿಗಳು ಆಮೇಲೂ ಬರುತ್ತಲೇ ಇದ್ದವು. ಆದರೆ ನಿಮ್ಮ ಡ್ರೈವರ್ ಪ್ಯಾಕ್ ಕರ್ನಲ್ ಪ್ಯಾಕೇಜನ್ನು ಅಲ್ಲಾಡದಂತೆ ಹಿಡಿದಿಟ್ಟಿದೆ. ಅಪ್‌ಡೇಟ್ ಕೊಟ್ಟರೆ ಬ್ರೌಸರ್ ಹೊಸದಾಗುತ್ತದೆ, ಲೈಬ್ರರಿಗಳು ಹೊಸದಾಗುತ್ತವೆ, ಕರ್ನಲ್ ಮಾತ್ರ ಇದ್ದಲ್ಲೇ ಇರುತ್ತದೆ. ಬಲವಂತವಾಗಿ ಬದಲಿಸಿದರೆ ನಿಮ್ಮ ಮಾಡ್ಯೂಲ್‌ಗಳ (ಕರ್ನಲ್‌ಗೆ ಬೇಕಾದಾಗ ಸೇರಿಸುವ ಡ್ರೈವರ್ ತುಣುಕುಗಳ) ವರ್‌ಮ್ಯಾಜಿಕ್, ಅಂದರೆ ಯಾವ ಕರ್ನಲ್‌ಗೆ ಕಟ್ಟಿದ್ದು ಎಂಬ ಗುರುತು, ಹೊಂದುವುದಿಲ್ಲ. ಮಾಡ್ಯೂಲ್ ಸೇರಿಸುವ ಮಾಡ್‌ಪ್ರೋಬ್ ಆಜ್ಞೆ ಫಾರ್ಮ್ಯಾಟ್ ಸರಿಯಿಲ್ಲ ಅಂತ ವಾಪಸ್ ಕಳಿಸುತ್ತದೆ. ಅಂದರೆ ಸ್ಪೀಕರ್ ಬೇಕಿದ್ದರೆ ಎಲ್ಲರಿಗೂ ಗೊತ್ತಿರುವ ಭದ್ರತಾ ದೋಷಗಳನ್ನು ಇಟ್ಟುಕೊಂಡೇ ಬದುಕಬೇಕು. ದೋಷ ಸರಿಪಡಿಸಿಕೊಂಡರೆ ಸ್ಪೀಕರ್ ಬಿಡಬೇಕು. ಕರ್ನಲ್ ಬದಲಿಸದೆ ನಾನು ಇನ್ನೇನು ಮಾಡಬೇಕಿತ್ತು?

ಹಾಗಾಗಿ 6.12 ತೆಗೆದುಕೊಂಡು ನಾನೇ ಕಾನ್ಫಿಗರ್ ಮಾಡಲು ಕೂತೆ. ಇದೂ ದೀರ್ಘಾವಧಿ ಸರಣಿಯೇ. ಕರ್ನಲ್ ಕಾನ್ಫಿಗರೇಶನ್ ಅಂದರೆ ದೊಡ್ಡ ಮಂತ್ರವೇನಲ್ಲ. ಮೆನುಕಾನ್ಫಿಗ್ ಎಂಬ ಆಯ್ಕೆ ಪಟ್ಟಿ ತೆರೆದು, ಯಾವ ಡ್ರೈವರ್ ಕರ್ನಲ್ ಒಳಗೇ ಇರಬೇಕು, ಯಾವುದು ಮಾಡ್ಯೂಲ್ ಆಗಿರಬೇಕು, ಯಾವುದು ಬೇಡ ಎಂದು ಆರಿಸುತ್ತಾ ಹೋಗುವುದು. ಆದರೆ ಆಯ್ಕೆಗಳು ಸಾವಿರಗಟ್ಟಲೆ. ಆದ್ದರಿಂದ ಯಾರೇ ಆಗಲಿ ಓಡುತ್ತಿರುವ ಕರ್ನಲ್‌ನ ಕಾನ್ಫಿಗ್ ಫೈಲನ್ನು ಎತ್ತಿಕೊಂಡು ಅಲ್ಲಿಂದ ಶುರು ಮಾಡುತ್ತಾರೆ. ನಿಮ್ಮ ಕರ್ನಲ್‌ನಲ್ಲಿ ಅದೇ ಇಲ್ಲ. ಬೂಟ್ ಫೋಲ್ಡರ್‌ನಲ್ಲಿ ಕಾನ್ಫಿಗ್ ಫೈಲ್ ಇಟ್ಟಿಲ್ಲ, ಕರ್ನಲ್ ತನ್ನ ಮಾಹಿತಿ ತೋರಿಸುವ ಪ್ರಾಕ್ ಫೋಲ್ಡರ್ ಒಳಗೆ ಅದನ್ನು ತೋರಿಸುವ ಸೌಲಭ್ಯವನ್ನೂ ಆಫ್ ಮಾಡಿದ್ದೀರಿ. ಸರಿ, ಲೋಕಲ್‌ಮಾಡ್‌ಕಾನ್ಫಿಗ್ ಇದೆಯಲ್ಲ ಅಂದುಕೊಂಡೆ. ಅದು ಲೋಡ್ ಆಗಿರುವ ಮಾಡ್ಯೂಲ್‌ಗಳ ಪಟ್ಟಿ ನೋಡಿ ಕಾನ್ಫಿಗ್ ಕಟ್ಟಿಕೊಡುತ್ತದೆ. ನೀವೋ, ಮುಖ್ಯವಾದ ಡ್ರೈವರ್‌ಗಳನ್ನೆಲ್ಲ ಕರ್ನಲ್ ಒಳಗೇ ಸೇರಿಸಿಬಿಟ್ಟಿದ್ದೀರಿ. ಒಳಗೆ ಸೇರಿದ್ದು ಆ ಪಟ್ಟಿಯಲ್ಲಿ ಬರುವುದೇ ಇಲ್ಲ.

ಹೀಗಾಗಿ ಮೊದಲ ಬೂಟ್‌ನಲ್ಲೇ ಕರ್ನಲ್ ಪ್ಯಾನಿಕ್, ಅಂದರೆ ಯಂತ್ರ ಅಲ್ಲೇ ನಿಂತುಬಿಟ್ಟಿತು. ರೂಟ್ ಫೈಲ್‌ಸಿಸ್ಟಮ್ (ಲಿನಕ್ಸ್‌ನ ಮೂಲ ಫೈಲ್‌ಗಳಿರುವ ಡಿಸ್ಕ್ ಭಾಗ) ಸಿಗುತ್ತಿಲ್ಲ ಅಂತ ಸಂದೇಶ. ಎಸ್‌ಎಸ್‌ಡಿ ಎನ್‌ವಿಎಂಇ ಬಗೆಯದು, ಅದರ ಡ್ರೈವರ್ ಒಳಗಿದೆ, ಆದರೂ ಡಿಸ್ಕ್ ಇಲ್ಲ. ಆಮೇಲೆ ನೋಡಿದರೆ ಬಯಾಸ್‌ನಲ್ಲಿ (ಬೋರ್ಡ್‌ನಲ್ಲೇ ಇದ್ದು ಯಂತ್ರವನ್ನು ಶುರು ಮಾಡುವ ತಂತ್ರಾಂಶ) ವಿಎಂಡಿ ಎಂಬ ಇಂಟೆಲ್‌ನ ಡಿಸ್ಕ್ ನಿರ್ವಹಣಾ ಸೌಲಭ್ಯ ಆನ್ ಆಗಿದೆ. ಡಿಸ್ಕ್ ಅದರ ಹಿಂದೆ ಅಡಗಿ ಕೂತಿರುತ್ತದೆ, ವಿಎಂಡಿ ಡ್ರೈವರ್ ಇಲ್ಲದೆ ಹೊರಗೆ ಬರುವುದಿಲ್ಲ. ನಿಮ್ಮ ಕೈಪಿಡಿಯಲ್ಲಿ ಕೀಬೋರ್ಡ್ ಒರೆಸುವ ಬಟ್ಟೆ ಹೇಗಿರಬೇಕು ಅಂತಲೂ ಬರೆದಿದ್ದೀರಿ. ಇದರ ಬಗ್ಗೆ ಒಂದು ಸಾಲೂ ಇಲ್ಲ.

ಟಚ್‌ಪ್ಯಾಡ್‌ನದ್ದೂ ಇದೇ ಥರದ ಕತೆ. ಅದು ಚಿಪ್‌ಗಳನ್ನು ಜೋಡಿಸುವ ಐ2ಸಿ ಬಸ್ ಎಂಬ ತಂತಿಗಳ ಮೇಲಿದೆ. ಐ2ಸಿ ಕಂಟ್ರೋಲರ್ ಡ್ರೈವರ್ ಬೇಕು, ಐ2ಸಿ ಹಿಡ್ ಡ್ರೈವರ್ ಬೇಕು. ಎರಡನ್ನೂ ಹಾಕಿದರೂ ಬೆರಳಿಗೆ ಸ್ಪಂದಿಸಲಿಲ್ಲ. ಪ್ರೊಸೆಸರ್ ತಲೆಮಾರಿಗೆ ತಕ್ಕ ಪಿನ್ ಕಂಟ್ರೋಲ್ ಡ್ರೈವರ್ ಇಲ್ಲದಿದ್ದರೆ ಟಚ್‌ಪ್ಯಾಡ್‌ನ ಇಂಟರಪ್ಟ್ (ಬೆರಳು ತಾಗಿತು ಎಂಬ ಸೂಚನೆ) ಕರ್ನಲ್‌ಗೆ ತಲುಪುವುದಿಲ್ಲ. ಅದು ಮೆನುವಿನಲ್ಲಿ ಇನ್ನೆಲ್ಲೋ ಮೂಲೆಯಲ್ಲಿರುತ್ತದೆ. ಹಾಕಿದೆ, ಸರಿಯಾಯಿತು. ನಿಮ್ಮ ಸಹಾಯವಾಣಿಯವರು ಆ ಒಂದು ಹೆಸರು ಹೇಳಿದ್ದರೂ ಸಾಕಿತ್ತು. ಅವರು ಹೇಳಿದ್ದು ಬೇರೆ: ಟಚ್‌ಪ್ಯಾಡ್ ಕೇಬಲ್ ಸಡಿಲವಾಗಿರಬಹುದು, ಸರ್ವಿಸ್ ಸೆಂಟರ್‌ಗೆ ತನ್ನಿ.

ಇಷ್ಟೆಲ್ಲ ನಾನು ಹೇಗೋ ನಿಭಾಯಿಸಿಕೊಂಡೆ. ನಿಮ್ಮ ಸಹಾಯವಿಲ್ಲದೆ ಯಾರಿಗೂ ಬಗೆಹರಿಸಲು ಆಗದ ವಿಷಯ ಸ್ಪೀಕರ್‌ನದು. ನನ್ನ ದೂರಿನ ಮುಖ್ಯ ಭಾಗ ಇದೇ.

6.12ರಲ್ಲಿ ಸೌಂಡ್ ಕಾರ್ಡ್ ಕಾಣುತ್ತದೆ. ಹೆಡ್‌ಫೋನ್ ಚುಚ್ಚಿದರೆ ಹಾಡು ಕೇಳುತ್ತದೆ. ಸ್ಪೀಕರ್ ಮಾತ್ರ ಮೌನ. ಕಾರಣ, ಕೋಡೆಕ್ (ಸದ್ದಿನ ಚಿಪ್) ಮತ್ತು ಸ್ಪೀಕರ್ ನಡುವೆ ನೀವು ಪ್ರತ್ಯೇಕ ಆಂಪ್ಲಿಫೈಯರ್ ಚಿಪ್‌ಗಳನ್ನು ಕೂರಿಸಿದ್ದೀರಿ. ಕೂರಿಸಿದ್ದು ತಪ್ಪಲ್ಲ, ಈಗ ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಮೂಲಿ. ಆದರೆ ಆ ಚಿಪ್ ಎದ್ದೇಳಬೇಕಾದರೆ ಡ್ರೈವರ್‌ಗೆ ಕೆಲವು ಸಂಗತಿ ಗೊತ್ತಿರಬೇಕು. ರೀಸೆಟ್ ಗೆರೆ ಯಾವ ಜಿಪಿಐಒ ಪಿನ್‌ಗೆ ಹೋಗಿದೆ? ಎಡ ಯಾವುದು, ಬಲ ಯಾವುದು? ಬೂಸ್ಟ್ (ವೋಲ್ಟೇಜ್ ಏರಿಸುವ ಭಾಗ) ಚಿಪ್ ಒಳಗಿನದೋ, ಹೊರಗಿನದೋ? ಹೊರಗಿನದಾದರೆ ಎಂಥ ಕಾಯಿಲ್, ಎಂಥ ಕೆಪ್ಯಾಸಿಟರ್? ಇವು ಬೋರ್ಡ್ ವಿನ್ಯಾಸ ಮಾಡಿದವರಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿರುವುದಿಲ್ಲ. ಇದನ್ನೆಲ್ಲ ಬಯಾಸ್‌ನಲ್ಲಿ ಯಂತ್ರದ ಭಾಗಗಳ ವಿವರ ಇರುವ ಎಸಿಪಿಐ ಕೋಷ್ಟಕದಲ್ಲಿ ಬರೆದಿಡಬೇಕು, ಯಾವ ಆಪರೇಟಿಂಗ್ ಸಿಸ್ಟಮ್ ಬಂದರೂ ಓದಿಕೊಳ್ಳಲಿ ಅಂತ. ನಿಮ್ಮ ಬಯಾಸ್‌ನ ಕೋಷ್ಟಕವನ್ನು ಬಿಚ್ಚಿ ನೋಡಿದೆ. ಚಿಪ್‌ನ ಹೆಸರಿದೆ, ವಿಳಾಸವಿದೆ. ಗುಣಲಕ್ಷಣಗಳಿರಬೇಕಾದ ಜಾಗ ಖಾಲಿ. ಆ ಅಂಕಿಗಳನ್ನೆಲ್ಲ ನೀವು ನಿಮ್ಮ ಬೈನರಿ (ಸೋರ್ಸ್ ಇಲ್ಲದ, ಯಂತ್ರಕ್ಕಷ್ಟೇ ಓದಬರುವ) ಮಾಡ್ಯೂಲ್‌ನ ಹೊಟ್ಟೆಯೊಳಗೆ ತುಂಬಿಟ್ಟಿದ್ದೀರಿ.

ಇಂಥ ಎಡವಟ್ಟು ನಿಮ್ಮೊಬ್ಬರದ್ದೇ ಅಲ್ಲ, ಒಪ್ಪುತ್ತೇನೆ. ಸಿಎಸ್35ಎಲ್41 ಎಂಬ ಆಂಪ್ಲಿಫೈಯರ್ ಇರುವ ಲ್ಯಾಪ್‌ಟಾಪ್‌ಗಳಿಗಾಗಿ ಕರ್ನಲ್‌ನಲ್ಲಿ ಒಂದು ಪ್ರತ್ಯೇಕ ಫೈಲೇ ಇದೆ. ಬಯಾಸ್‌ನಲ್ಲಿ ಈ ವಿವರ ಬಿಟ್ಟುಹೋದ ಮಾದರಿಗಳನ್ನು ಸಬ್‌ಸಿಸ್ಟಮ್ ಐಡಿ (ಮಾದರಿಯ ಗುರುತು ಸಂಖ್ಯೆ) ನೋಡಿ ಗುರುತಿಸಿ, ಬಿಟ್ಟುಹೋದದ್ದನ್ನು ಅಲ್ಲಿ ತುಂಬಿದ್ದಾರೆ. ಅಂದರೆ ಬಯಾಸ್ ಬದಲಿಸಲು ನಿಮಗೆ ಕಷ್ಟವಾದರೂ ದಾರಿ ಇದೆ. ನಿಮ್ಮ ಮಾದರಿಯ ಅಂಕಿಗಳನ್ನು ಕೊಟ್ಟು ಒಂದು ಸಣ್ಣ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿದರೆ ಮುಗಿಯಿತು. ನೀವೇ ಊಹಿಸಿ ಹಾಕಿಕೊಳ್ಳಿ ಅಂತ ನಿಮ್ಮ ತಂತ್ರಜ್ಞರೊಬ್ಬರು ಫೋನಿನಲ್ಲಿ ಹೇಳಿದರು. ಬೂಸ್ಟ್ ವೋಲ್ಟೇಜ್ ಊಹಿಸಿ ಹಾಕಿ ಸ್ಪೀಕರ್ ಸುಟ್ಟರೆ ವಾರಂಟಿ ಕೊಡುತ್ತೀರಾ ಅಂತ ಕೇಳಿದ್ದಕ್ಕೆ ಲೈನ್ ಕಟ್ ಆಯಿತು.

ಕ್ಯಾಮೆರಾ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅದು ಯುಎಸ್‌ಬಿ ಕ್ಯಾಮೆರಾ ಅಲ್ಲ, ಪ್ರೊಸೆಸರ್ ಒಳಗಿನ ಐಪಿಯು6 ಎಂಬ ಚಿತ್ರ ಸಂಸ್ಕರಣಾ ಘಟಕದ ಮೂಲಕ ಹಾಯುವಂಥದ್ದು. ಐಪಿಯು6ನ ಇನ್‌ಪುಟ್ ಭಾಗದ ಡ್ರೈವರ್ 2024ರಲ್ಲಿ, 6.10 ಆವೃತ್ತಿಯಲ್ಲಿ, ಮುಖ್ಯ ಕರ್ನಲ್ ಸೇರಿತು. ನೀವು ಹಾಕಿರುವ ಸೆನ್ಸರ್‌ನ ಡ್ರೈವರ್ ಮಾತ್ರ ಇನ್ನೂ ನಿಮ್ಮ ಪ್ಯಾಕ್‌ನಲ್ಲೇ ಇದೆ.

ಲ್ಯಾಪ್‌ಟಾಪ್‌ನ ನಿದ್ದೆಯ (ಸ್ಲೀಪ್) ತೊಂದರೆ ನಿಮ್ಮದೇ ಕರ್ನಲ್‌ನಲ್ಲೂ ಇದೆ. ಬಯಾಸ್‌ನಿಂದ ಎಸ್3 ಎಂಬ ಹಳೆಯ ಬಗೆಯ ನಿದ್ದೆ ತೆಗೆದುಹಾಕಿದ್ದೀರಿ, ಉಳಿದಿರುವುದು ಎಸ್2ಐಡಲ್ ಎಂಬ ಬಗೆ ಒಂದೇ. ಇದರಲ್ಲಿ ಪ್ರತಿಯೊಂದು ಸಾಧನವೂ ಅದರದರ ಡ್ರೈವರ್ ಹೇಳಿದಂತೆ ಮಲಗಬೇಕು. ಒಂದು ಎದ್ದಿದ್ದರೂ ಪ್ರೊಸೆಸರ್ ಆಳದ ನಿದ್ದೆಗೆ ಇಳಿಯುವುದಿಲ್ಲ. ಕರ್ನಲ್ ಸಾಧನಗಳ ಮಾಹಿತಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಆ ನಿದ್ದೆಯ ಅವಧಿ ಎಣಿಸುವ ಕೌಂಟರ್ ನನ್ನಲ್ಲಿ ಯಾವಾಗ ನೋಡಿದರೂ 0. ಮಡಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ತೆಗೆಯುವಾಗ ಬಿಸಿಬಿಸಿ, ಬ್ಯಾಟರಿ ಖಾಲಿ. ಯಾವ ಸಾಧನ ಎಚ್ಚರವಿದೆ ಎಂಬುದನ್ನು ನಿಮ್ಮ ಲ್ಯಾಬ್‌ನಲ್ಲಿ ನೋಡಿಯೇ ಇಲ್ಲವೇ? ಮಾರುವ ಮುಂಚೆ ಒಂದು ರಾತ್ರಿ ಮಡಚಿಟ್ಟು ನೋಡಿದ್ದರೂ ಗೊತ್ತಾಗುತ್ತಿತ್ತು ಅಲ್ವಾ?

ಇನ್ನು ವೈಫೈ. ಇದನ್ನು ದೂರು ಅನ್ನುವುದಕ್ಕಿಂತ ಸಾಕ್ಷಿಯಾಗಿ ಹೇಳುತ್ತಿದ್ದೇನೆ. ರಿಪೇರಿಗೆ ಕೊಟ್ಟಾಗ ನಿಮ್ಮ ಸರ್ವಿಸ್ ಸೆಂಟರ್‌ನವರು ವೈಫೈ ಕಾರ್ಡ್ ಬದಲಿಸಿದರು, ಹೇಳಲಿಲ್ಲ. ಮೊದಲು ಪಿಸಿಐ ಪಟ್ಟಿಯಲ್ಲಿ (ಯಂತ್ರದೊಳಗಿನ ಸಾಧನಗಳ ಪಟ್ಟಿ) 8086 ಅಂತ ಶುರುವಾಗುತ್ತಿದ್ದ ಐಡಿ ಈಗ 14ಸಿ3. ಅಂದರೆ ಇಂಟೆಲ್ ಹೋಗಿ ಮೀಡಿಯಾಟೆಕ್ ಬಂದಿದೆ. ನಿಮ್ಮ ಪ್ಯಾಕ್‌ನಲ್ಲಿ ಅದಕ್ಕೆ ಫರ್ಮ್‌ವೇರ್ (ಚಿಪ್ ಒಳಗೆ ಓಡುವ ತಂತ್ರಾಂಶ) ಇಲ್ಲ. ಆದರೆ ನಾನು ಕಟ್ಟಿದ 6.12ರಲ್ಲಿ ಅದರ ಡ್ರೈವರನ್ನು ಮಾಡ್ಯೂಲ್ ಆಗಿ ಆರಿಸಿ, ಲಿನಕ್ಸ್ ಫರ್ಮ್‌ವೇರ್ ಪ್ಯಾಕೇಜ್ ಹಾಕಿದ ಕೂಡಲೇ ವೈಫೈ ಬಂತು. ಯಾರಿಗೂ ಫೋನ್ ಮಾಡಬೇಕಾಗಲಿಲ್ಲ. ಚಿಪ್ ತಯಾರಿಸಿದವರು ಡ್ರೈವರನ್ನು ಮುಖ್ಯ ಕರ್ನಲ್‌ಗೆ ಸೇರಿಸಿದ್ದರು, ಅಷ್ಟೇ. ನನ್ನ ಪ್ರಕಾರ ಲಿನಕ್ಸ್ ಬೆಂಬಲ ಅಂದರೆ ಅದು.

ಪ್ರತಿ ಕರ್ನಲ್ ಆವೃತ್ತಿಗೂ ಡ್ರೈವರ್ ತಿದ್ದುತ್ತಾ ಕೂರಲು ನಮಗೆ ಆಗುವುದಿಲ್ಲ ಎಂದು ನಿಮ್ಮ ಕೊನೆಯ ಇಮೇಲ್‌ನಲ್ಲಿ ಬರೆದಿದ್ದೀರಿ. ಹೊರಗೆ ಇಟ್ಟುಕೊಂಡರೆ ಹಾಗೇ ಆಗುತ್ತದೆ. ಕರ್ನಲ್‌ನ ಒಳಗಿನ ಇಂಟರ್‌ಫೇಸ್‌ಗಳು ಬದಲಾಗುತ್ತಲೇ ಇರುತ್ತವೆ, ಅದು ಅಲ್ಲಿನ ಪದ್ಧತಿ. ಆದರೆ ಇಂಟರ್‌ಫೇಸ್ ಬದಲಿಸುವವರೇ ಕರ್ನಲ್ ಸೋರ್ಸ್ ಒಳಗಿನ ಎಲ್ಲ ಡ್ರೈವರ್‌ಗಳನ್ನೂ ತಿದ್ದಬೇಕು ಎಂಬುದೂ ಅಲ್ಲಿನ ಪದ್ಧತಿಯೇ. ಒಮ್ಮೆ ಒಳಗೆ ಸೇರಿಸಿದರೆ ನಿಮ್ಮ ಕೆಲಸ ಜಾಸ್ತಿಯಾಗುವುದಿಲ್ಲ, ಕಡಿಮೆಯಾಗುತ್ತದೆ. ಜನ ಇಲ್ಲ, ಸಮಯ ಇಲ್ಲ ಅನ್ನುವ ಹಾಗೂ ಇಲ್ಲ. 2007ರಲ್ಲೇ ಕರ್ನಲ್ ಬರೆಯುವವರಲ್ಲಿ ಪ್ರಮುಖರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಕಂಪನಿಗಳಿಗೆ ಬಹಿರಂಗವಾಗಿ ಹೇಳಿದ್ದರು: ಚಿಪ್‌ನ ವಿವರ ಕೊಡಿ, ಡ್ರೈವರ್ ಬಿಟ್ಟಿಯಾಗಿ ಬರೆದುಕೊಡುತ್ತೇವೆ, ಬೇಕಿದ್ದರೆ ಗೌಪ್ಯತಾ ಒಪ್ಪಂದಕ್ಕೂ ಸಹಿ ಹಾಕುತ್ತೇವೆ ಅಂತ.

ಈಗ ಲೈಸೆನ್ಸ್ ವಿಷಯ. ಕರ್ನಲ್ ಇರುವುದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸ್‌ನ ಎರಡನೇ ಆವೃತ್ತಿಯಡಿ. ಅದರ 3ನೇ ಕಲಮಿನ ಪ್ರಕಾರ ಬೈನರಿ ಹಂಚುವವರು ಸೋರ್ಸ್ ಜೊತೆಗೇ ಕೊಡಬೇಕು, ಇಲ್ಲವೇ ಕೇಳಿದವರಿಗೆ ಕೊಡುತ್ತೇವೆ ಎಂಬ ಲಿಖಿತ ಭರವಸೆ ಕೊಡಬೇಕು. ಆ ಭರವಸೆ ಕನಿಷ್ಠ 3 ವರ್ಷ ಚಾಲ್ತಿಯಲ್ಲಿರಬೇಕು. ನನಗೆ ಎರಡೂ ಸಿಕ್ಕಿಲ್ಲ. ಡ್ರೈವರ್‌ಗಳು ನಮ್ಮ ಸ್ವಂತ ಆಸ್ತಿ ಅಂತ ನಿಮ್ಮ ಇಮೇಲ್ ಹೇಳುತ್ತದೆ. ದಯವಿಟ್ಟು ನಿಮ್ಮದೇ ಸ್ಪೀಕರ್ ಮಾಡ್ಯೂಲ್ ಮೇಲೆ ಮಾಡ್ಯೂಲ್‌ನ ವಿವರ ತೋರಿಸುವ ಮಾಡ್‌ಇನ್ಫೋ ಆಜ್ಞೆ ಓಡಿಸಿ ನೋಡಿ. ಲೈಸೆನ್ಸ್ ಎಂಬ ಸಾಲಿನಲ್ಲಿ ಜಿಪಿಎಲ್ ಅಂತಲೇ ಬರುತ್ತದೆ. ಬರದೇ ವಿಧಿಯಿಲ್ಲ, ಯಾಕೆಂದರೆ ಆ ಮಾಡ್ಯೂಲ್ ಬಳಸುವ ಕೆಲವು ಫಂಕ್ಷನ್‌ಗಳನ್ನು ಕರ್ನಲ್ ಜಿಪಿಎಲ್ ಮಾಡ್ಯೂಲ್‌ಗಳಿಗೆ ಮಾತ್ರ ಬಿಟ್ಟುಕೊಡುತ್ತದೆ. ಕರ್ನಲ್ ಮುಂದೆ ಜಿಪಿಎಲ್ ಅಂತ ಹೇಳಿ ಒಳಗೆ ಹೋಗುವುದು, ಗ್ರಾಹಕರ ಮುಂದೆ ಸ್ವಂತ ಆಸ್ತಿ ಅನ್ನುವುದು, ಎರಡರಲ್ಲಿ ಒಂದು ಸುಳ್ಳು. ಯಾವುದು ಅಂತ ಲಿಖಿತವಾಗಿ ತಿಳಿಸಿ.

ಇನ್ನೊಂದು ಮಾತು ಹೇಳದೆ ಬಿಡಲಾರೆ. ನಿಮ್ಮ ಮಾಡ್ಯೂಲ್‌ಗಳಿಗೆ ಡಿಜಿಟಲ್ ಸಹಿ ಇಲ್ಲ, ಅದಕ್ಕಾಗಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಕೋಡನ್ನು ತಡೆಯುವ ಕಾವಲು) ಆಫ್ ಮಾಡಿ ಎಂದು ಸಹಾಯವಾಣಿ ಎಲ್ಲರಿಗೂ ಹೇಳುತ್ತಿದೆ. ಮಾಡ್ಯೂಲ್‌ಗೆ ಸಹಿ ಹಾಕಿ, ಕೀಲಿಯನ್ನು ಬೂಟ್ ಸಮಯದಲ್ಲಿ ದಾಖಲಿಸಿಕೊಳ್ಳುವ ವ್ಯವಸ್ಥೆ ಇದೆ. ಸುಮ್ನೆ ಗ್ರಾಹಕರ ಬಾಗಿಲ ಚಿಲಕ ತೆಗೆಸಬೇಡಿ. ಹಾಗೆಯೇ ಬಯಾಸ್ ಅಪ್‌ಡೇಟ್ ವಿಂಡೋಸ್‌ನಲ್ಲಿ ಓಡುವ ಇಎಕ್ಸ್‌ಇ ಆಗಿ ಮಾತ್ರ ಸಿಗುತ್ತಿದೆ. ಲಿನಕ್ಸ್‌ನಿಂದಲೇ ಫರ್ಮ್‌ವೇರ್ ಹೊಸದು ಮಾಡುವ ಎಫ್‌ಡಬ್ಲ್ಯುಯುಪಿಡಿ ಎಂಬ ತಂತ್ರಾಂಶ 2015ರಿಂದ ಇದೆ. ಲಿನಕ್ಸ್ ಹಾಕಿ ಮಾರಿದ ಯಂತ್ರಕ್ಕೆ ಬಯಾಸ್ ಹಾಕಲು ವಿಂಡೋಸ್ ಬೇಕು ಅನ್ನುವುದನ್ನು ಯಾರಿಗೆ ಹೇಳಿದರೂ ನಗುತ್ತಾರೆ.

ನಾನು ಕೇಳುವುದು ಇಷ್ಟು. ನೀವು ಕೊಟ್ಟ 5.15 ಕರ್ನಲ್‌ನ ಪೂರ್ತಿ ಸೋರ್ಸ್, ಅದರ ಕಾನ್ಫಿಗ್ ಫೈಲ್, ಮತ್ತು ಪ್ಯಾಕ್‌ನಲ್ಲಿರುವ ಜಿಪಿಎಲ್ ಮಾಡ್ಯೂಲ್‌ಗಳ ಸೋರ್ಸ್ ಕೊಡಿ. ಬಯಾಸ್‌ನಲ್ಲಿ ಆಂಪ್ಲಿಫೈಯರ್ ವಿವರ ಸೇರಿಸಿ, ಅದು ತಡವಾಗುವುದಾದರೆ ಆ ಅಂಕಿಗಳನ್ನು ಈಗಲೇ ಪ್ರಕಟಿಸಿ. ಎಸ್2ಐಡಲ್‌ಗೆ ಯಾವ ಸಾಧನ ಅಡ್ಡಿಯಾಗಿದೆ ಎಂದು ಪತ್ತೆ ಮಾಡಿ ಸರಿಪಡಿಸಿ. ಒಂದೇ ಮಾದರಿ ಹೆಸರಿನಡಿ ಬೇರೆ ಬೇರೆ ಚಿಪ್ ಹಾಕುವುದಾದರೆ ಅದನ್ನು ಬಿಲ್‌ನಲ್ಲಾದರೂ ನಮೂದಿಸಿ. ಇವು ಆಗುವುದಿಲ್ಲ ಎಂದಾದರೆ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ, ಮತ್ತು ಡಬ್ಬದ ಮೇಲಿನ ‘ಲಿನಕ್ಸ್ ರೆಡಿ’ ಎಂಬ ಮುದ್ರೆ ತೆಗೆಯಿರಿ.

ಬೂಟ್ ಲಾಗ್, ಬಿಚ್ಚಿದ ಎಸಿಪಿಐ ಕೋಷ್ಟಕ, ಪಿಸಿಐ ಪಟ್ಟಿ, ನಾನು 6.12ಕ್ಕೆ ಕಟ್ಟಿದ ಕಾನ್ಫಿಗ್ ಫೈಲ್, ಎಲ್ಲವನ್ನೂ ಲಗತ್ತಿಸಿದ್ದೇನೆ. ಕಾನ್ಫಿಗ್ ಫೈಲನ್ನು ನಿಮ್ಮ ಇತರ ಗ್ರಾಹಕರಿಗೂ ಕೊಡಬಹುದು, ನನ್ನ ಅಡ್ಡಿ ಇಲ್ಲ. 30 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಸೋರ್ಸ್ ಕೊಡದಿರುವ ಬಗ್ಗೆ ಕರ್ನಲ್‌ನ ಹಕ್ಕುಸ್ವಾಮ್ಯ ಇರುವವರಿಗೆ ಇದೇ ದಾಖಲೆಗಳ ಜೊತೆ ಬರೆಯುತ್ತೇನೆ. ಈ ಸಲ ಟಿಕೆಟನ್ನು ನನ್ನ ಒಪ್ಪಿಗೆ ಇಲ್ಲದೆ ಮುಚ್ಚಬೇಡಿ.

ಇಂತಿ,
ನಿಮ್ಮ ಲ್ಯಾಪ್‌ಟಾಪ್ ಕೊಂಡ ಗ್ರಾಹಕ