ತಿರುಗಿಸಿ ಗುಣಿಸಿದರೆ ಸಾಲದು

ಮಾನ್ಯರೇ,

ಬೀಜಗಣಿತದ ಭಿನ್ನರಾಶಿಗಳ ಭಾಗಾಕಾರವನ್ನು ‘ತಿರುಗಿಸಿ ಗುಣಿಸು’ ಎಂದಷ್ಟೇ ಹೇಳಿ ಮುಗಿಸುವುದರಿಂದಲೇ ಮಕ್ಕಳು ಎಡವುತ್ತಾರೆ. ಈ ಲೆಕ್ಕ ನೋಡಿ:

[(ಅ² − 9)/(ಅ + 2)] ÷ [(ಅ − 3)/(ಅ² − 4)]

ತಿರುಗಬೇಕಾದ್ದು ಎರಡನೆಯದು, ಅಂದರೆ ಭಾಜಕ ಮಾತ್ರ. ಆಮೇಲೆ ಅಪವರ್ತಿಸಿದರೆ:

[(ಅ − 3)(ಅ + 3)/(ಅ + 2)] × [(ಅ − 2)(ಅ + 2)/(ಅ − 3)]

(ಅ − 3), (ಅ + 2) ಹೊಡೆದುಹೋಗಿ ಉಳಿಯುವುದು (ಅ + 3)(ಅ − 2). ಅಪವರ್ತಿಸುವ ಮೊದಲೇ 9ಕ್ಕೂ 3ಕ್ಕೂ ಗೆರೆ ಎಳೆಯುವ ಚಾಳಿ ಬಿಡಿಸಬೇಕು; ಹೊಡೆಯಬಹುದಾದ್ದು ಇಡೀ ಅಪವರ್ತನವನ್ನು, ಅದರೊಳಗಿನ ಒಂದು ಪದವನ್ನಲ್ಲ. ಅ = 1 ಹಾಕಿ ತಾಳೆ ನೋಡಿ: −8/3 ಅನ್ನು 2/3ರಿಂದ ಭಾಗಿಸಿದರೆ −4; ಉತ್ತರದಲ್ಲೂ 4 × (−1) = −4.

ಅ ಬೆಲೆ 2, −2, 3 ಆಗಬಾರದು. 3 ಯಾಕೆ? ಆಗ ಭಾಜಕವೇ ಸೊನ್ನೆ. ಸುಲಭರೂಪದಲ್ಲಿ ಈ ನಿರ್ಬಂಧ ಮಾಯವಾಗುವುದರಿಂದ ಮೊದಲೇ ಬರೆದಿಡಬೇಕು. ಇದನ್ನು ಹೇಳದ ಮಾದರಿ ಉತ್ತರ ಅರ್ಧ ಉತ್ತರವೇ.

– ಕೆಲವು ಗಣಿತ ಶಿಕ್ಷಕರು