ಗೂಡು ಮುಚ್ಚುವ ಹೊತ್ತಿಗೆ ಮನೆ ಸೇರುವ ಪ್ರವಾಸವೂ ಇರಲಿ

ಸಂಪಾದಕರಿಗೆ ನಮಸ್ಕಾರ.

ರಜೆ ಹತ್ತಿರ ಬಂದಾಗಲೆಲ್ಲ ನಿಮ್ಮ ಪತ್ರಿಕೆಯಲ್ಲಿ ಪ್ರವಾಸದ ಪುಟ ಬರುತ್ತದೆ. ಮೂರು ರಾತ್ರಿ ಕೊಡಗು, ನಾಲ್ಕು ರಾತ್ರಿ ಊಟಿ, ಐದು ದಿನ ಕೇರಳ. ಫೋಟೊ ಚೆನ್ನಾಗಿರುತ್ತವೆ. ಕತ್ತರಿಸಿ ಹೊಲಿಗೆ ಮಿಷನ್ನಿನ ಡ್ರಾಯರ್‌ನಲ್ಲಿ ಇಟ್ಟುಕೊಂಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಮನೆಯಲ್ಲಿ ಕೋಳಿ ಸಾಕಿದವರು ಎಲ್ಲಿಗೆ ಹೋಗಬೇಕು ಅಂತ ನಿಮ್ಮಲ್ಲಿ ಯಾರೂ ಬರೆದದ್ದು ನಾನು ಕಂಡಿಲ್ಲ.

ನಾನಿರುವುದು ಭರಮಸಾಗರದಲ್ಲಿ. ಚಿತ್ರದುರ್ಗಕ್ಕೂ ದಾವಣಗೆರೆಗೂ ನಡುವೆ, ಹೈವೇ ಪಕ್ಕ. ರವಿಕೆ ಹೊಲಿಯುವುದು ಕಸುಬು. ಹಿತ್ತಲಲ್ಲಿ ಹನ್ನೊಂದು ಕೋಳಿ: ಆರು ನಾಟಿ ಹ್ಯಾಟೆ, ನಾಲ್ಕು ಗಿರಿರಾಜ ತಳಿಯವು, ಒಂದು ಹುಂಜ. ಹುಂಜ ಬೆಳಗಿನ ಜಾವ ನಾಲ್ಕಕ್ಕೇ ಕೂಗುತ್ತದೆ. ಅದೇ ಕಾರಣಕ್ಕೆ ಹಿಂದಿನ ಮನೆಯವರು ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷ ಆಯಿತು. ಮೊಟ್ಟೆ ಮಾತ್ರ ಮಗನ ಕೈಲಿ ತಪ್ಪದೆ ತರಿಸಿಕೊಳ್ಳುತ್ತಾರೆ.

ನಮ್ಮ ಬೀದಿಯಲ್ಲಿ ಕೋಳಿ ಸಾಕುವವರು ನಾಲ್ಕು ಮನೆ. ನಮ್ಮನ್ನು ಒಂದು ಮಾಡಿದ್ದು ಲಸಿಕೆ ಬಾಟಲಿ. ಕೊಕ್ಕರೆ ರೋಗದ ಲಸಿಕೆ ಸಣ್ಣ ಬಾಟಲಿಯಲ್ಲಿ ಬಂದರೂ ನೂರು ಕೋಳಿಗೆ ಆಗುತ್ತದೆ. ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು, ಅದೂ ಐಸ್ ಮೇಲೆ ಇಟ್ಟುಕೊಂಡು. ಹನ್ನೊಂದು ಕೋಳಿಗೆ ಅಂತ ತಂದರೆ ಉಳಿದದ್ದೆಲ್ಲ ಚರಂಡಿಗೆ. ಹಾಗಾಗಿ ನಾನು, ಅಂಗನವಾಡಿ ಅಕ್ಕ, ಎದುರು ಮನೆ ಮೇಷ್ಟ್ರು, ಮೂಲೆ ಮನೆ ಅಜ್ಜಿ ಒಂದೇ ದಿನ ಹಾಕಿಸುವುದು ಅಂತ ಮಾಡಿಕೊಂಡೆವು. ಅವತ್ತು ಕೋಳಿ ಹಿಡಿಯುತ್ತಾ ಶುರುವಾದ ಮಾತು ಇನ್ನೂ ಮುಗಿದಿಲ್ಲ.

ದಿನಾ ಸಂಜೆ ಐದೂವರೆಗೆ ಅಜ್ಜಿ ಮನೆ ಜಗಲಿ ಮೇಲೆ ಸೇರುತ್ತೇವೆ. "ನಿಮ್ಮದು ಇವತ್ತು ಇಟ್ಟಿತಾ?" ಅಂತಲೇ ಮಾತು ಶುರು. ನನ್ನ ನಾದಿನಿ ಹರಿಹರದವಳು, ಮೊಟ್ಟೆಗೆ ತತ್ತಿ ಅನ್ನುತ್ತಾಳೆ. ಒಂದು ಸಲ ನಮ್ಮ ಮಾತು ಕೇಳಿ, "ಮನುಷ್ಯರ ಬಾಣಂತನಕ್ಕೂ ಇಷ್ಟು ವಿಚಾರಿಸಲ್ಲ ನೀವು" ಅಂದಳು. ಇರಬಹುದು. ಆದರೆ ಕೋಳಿ ಮೊಟ್ಟೆ ಇಡುವುದರಲ್ಲಿ ಮಾತಾಡುವುದಕ್ಕೆ ಬೇಕಾದಷ್ಟಿದೆ. ಒಂದು ಮೊಟ್ಟೆ ತಯಾರಾಗಲು ಹತ್ತಿರ ಹತ್ತಿರ 25 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಬರೀ ಚಿಪ್ಪಿಗೇ ಹೋಗುತ್ತದೆ. ಅದಕ್ಕೇ ಇವತ್ತು ಎಂಟಕ್ಕೆ ಇಟ್ಟ ಕೋಳಿ ನಾಳೆ ಒಂಬತ್ತಕ್ಕೆ ಇಡುತ್ತದೆ, ನಾಡಿದ್ದು ಇನ್ನೂ ತಡ. ಕೊನೆಗೆ ಒಂದು ದಿನ ರಜೆ ಹಾಕುತ್ತದೆ. ಮೇಷ್ಟ್ರು ಇದನ್ನು ಕ್ಯಾಲೆಂಡರ್ ಮೇಲೆ ಬರೆದಿಟ್ಟು ತೋರಿಸುವವರೆಗೆ ನಾವ್ಯಾರೂ ನಂಬಿರಲಿಲ್ಲ.

ಗಿರಿರಾಜ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ತಳಿ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 130ರಿಂದ 150 ಮೊಟ್ಟೆ. ನಾಟಿ ಅದರ ಅರ್ಧದಷ್ಟು ಇಟ್ಟರೆ ಹೆಚ್ಚು. ಹದಿಮೂರೋ ಹದಿನಾಲ್ಕೋ ಇಡುತ್ತಿದ್ದಂತೆ ಕಾವಿಗೆ ಕೂತುಬಿಡುತ್ತದೆ. ಆದರೆ ಗಿರಿರಾಜಕ್ಕೆ ಕಾವು ಕೂರುವ ಬುದ್ಧಿಯೇ ಕಡಿಮೆ. ಅದರ ಮೊಟ್ಟೆಯನ್ನೂ ನಾಟಿ ಕೋಳಿ ಕೆಳಗೇ ಇಡಬೇಕು, 21 ದಿನ. ಅಜ್ಜಿ ಇದಕ್ಕೆ ಹೇಳುವ ಗಾದೆ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ, ಬಿಡಿ.

ಪ್ರವಾಸದ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ದಸರಾ ರಜೆಯಲ್ಲಿ ಮಕ್ಕಳ ಹಟಕ್ಕೆ ಮೂರು ರಾತ್ರಿ ಹಂಪಿಗೆ ಹೋದೆವು. ಕೋಳಿ ನೋಡಿಕೊಳ್ಳಲು ಪಕ್ಕದ ಬೀದಿಯ ಹುಡುಗನಿಗೆ ಹೇಳಿ, ಕೈಗೆ ಇನ್ನೂರು ರೂಪಾಯಿ ಕೊಟ್ಟಿದ್ದೆ. ವಿಜಯವಿಠ್ಠಲ ಗುಡಿಯ ಕಲ್ಲಿನ ರಥದ ಮುಂದೆ ನಿಂತು ನಾನು ಮಾಡಿದ್ದೇನು ಗೊತ್ತಾ? ಫೋನ್ ಮಾಡಿ, "ಮಂಕರಿ ಕೆಳಗಿನ ಕಪ್ಪು ಕೋಳಿನ ಬಿಟ್ಯೇನೋ?" ಅಂತ ಕೇಳಿದ್ದು. ಅಂಜನಾದ್ರಿಯ 575 ಮೆಟ್ಟಿಲು ಹತ್ತುವಾಗಲೂ ಅದೇ ಚಿಂತೆ. ಯಜಮಾನರು ಬೈದರು.

ವಾಪಸ್ ಬಂದು ನೋಡಿದರೆ ದಿನಕ್ಕೆ ಐದಾರು ಬರುತ್ತಿದ್ದ ಮೊಟ್ಟೆ ಎರಡಕ್ಕೆ ಇಳಿದಿತ್ತು. ಮಾರನೆ ದಿನ ಒಂದು. ಆಮೇಲೆ ಸೊನ್ನೆ.

ಜಗಲಿ ಮೇಲೆ ನ್ಯಾಯ ಸೇರಿತು. ಹುಡುಗ ಆಮ್ಲೆಟ್ ಮಾಡಿಕೊಂಡು ತಿಂದಿದ್ದಾನೆ ಅಂದಳು ಅಂಗನವಾಡಿ ಅಕ್ಕ. ಕಣ್ಣು ಬಿದ್ದಿದೆ ಅಂತ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನನಗೂ ಹುಡುಗನ ಮೇಲೇ ಅನುಮಾನ. ಆದರೆ ನಾವು ಬಂದ ಮೇಲೂ ಮೊಟ್ಟೆ ಇಲ್ಲ ಅಂದರೆ ಅವನು ಹೇಗೆ ತಿಂದಾನು? ಈ ಲೆಕ್ಕ ನನಗೆ ಹೊಳೆದದ್ದು ಅವನ ತಾಯಿ ಜೊತೆ ಜಗಳ ಆಡಿ ಮುಗಿದ ಮೇಲೆ.

ಪಶು ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ನೀರು ಖಾಲಿ ಆಗಿತ್ತಾ?" ಹುಡುಗನನ್ನು ಕೇಳಿದೆ. ಎರಡನೇ ದಿನ ಕ್ರಿಕೆಟ್ ಮ್ಯಾಚ್ ಇತ್ತಂತೆ. ಬೆಳಿಗ್ಗೆ ಕಾಳು ಹಾಕಿ ಹೋದವನು ಮಾರನೆ ದಿನ ಬಂದಾಗ ಬಟ್ಟಲು ಒಣಗಿತ್ತಂತೆ. ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ ಇರುವುದು. ಕಾಳು ಒಂದು ದಿನ ಕಡಿಮೆ ಆದರೆ ಕೋಳಿ ತಡೆದುಕೊಳ್ಳುತ್ತದೆ, ನೀರು ತಪ್ಪಿದರೆ ಮೊಟ್ಟೆ ನಿಲ್ಲಿಸುತ್ತದೆ. ಮತ್ತೆ ಶುರು ಮಾಡಲು ವಾರಗಳೇ ಬೇಕು.

ಅದರ ಜೊತೆಗೆ ಗರಿ ಉದುರುವ ಕಾಲ ಬೇರೆ. ಹಿತ್ತಲ ತುಂಬ ಗರಿ ಬಿದ್ದಿದ್ದನ್ನು ನೋಡಿ ನಾನು ಬೆಕ್ಕು ಬಂದಿತ್ತು ಅಂದುಕೊಂಡಿದ್ದೆ. ಗರಿ ಅಂದರೆ ಹೆಚ್ಚು ಕಡಿಮೆ ಪೂರ್ತಿ ಪ್ರೊಟೀನ್. ಹೊಸ ಗರಿ ಹುಟ್ಟಿಸುವ ಕೋಳಿ ಮೊಟ್ಟೆ ಇಡುವುದಿಲ್ಲ. ಹಗಲೂ ಆಗ ಚಿಕ್ಕದಾಗುತ್ತಾ ಬರುತ್ತದೆ. ನಮ್ಮ ಕಡೆ ಜೂನ್‌ನಲ್ಲಿ 13 ಗಂಟೆಯ ಹತ್ತಿರ ಇರುವ ಹಗಲು ಡಿಸೆಂಬರ್‌ಗೆ 11 ಗಂಟೆ ಚಿಲ್ಲರೆ. ಕೋಳಿಗೆ ಚೆನ್ನಾಗಿ ಇಡಲು 14 ಗಂಟೆಯಾದರೂ ಬೆಳಕು ಬೇಕು ಅನ್ನುತ್ತಾರೆ. ಬರೀ ಮೆಕ್ಕೆಜೋಳದ ನುಚ್ಚು ಹಾಕುತ್ತಿದ್ದವಳು ಕಡಲೆಕಾಯಿ ಹಿಂಡಿ, ಒಣ ಮೀನಿನ ಪುಡಿ, ಮೊಟ್ಟೆ ಚಿಪ್ಪು ಕುಟ್ಟಿ ಹಾಕಲು ಶುರು ಮಾಡಿದೆ. ಕಾರ್ತಿಕ ಕಳೆಯುವ ಹೊತ್ತಿಗೆ ಮೊದಲ ಮೊಟ್ಟೆ ಸಿಕ್ಕಿತು. ಅದನ್ನು ತೆಗೆದುಕೊಂಡು ಹೋಗಿ ಹುಡುಗನ ತಾಯಿಗೆ ಕೊಟ್ಟು ಬಂದೆ. ಅವರು ತೆಗೆದುಕೊಂಡರು, ಕೂರಿ ಅನ್ನಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು 2022ರಲ್ಲಿ ಬಿದ್ದಿತ್ತು. ಆ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ವಾ? 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, 1933ರಲ್ಲಿ ತುಂಬಿದ್ದು ಬಿಟ್ಟರೆ 89 ವರ್ಷ ಆಗಿತ್ತು. ಇದಕ್ಕೇ ಮಾರಿಕಣಿವೆ ಅಂತಲೂ ಹೆಸರು, ನಮ್ಮಜ್ಜ ಮಾರಿಕಣಿವೆ ತುಂಬಿದ್ದ ಕಥೆ ಹೇಳುತ್ತಲೇ ತೀರಿಕೊಂಡರು. ನೋಡದೆ ಇರಲು ಆಗುತ್ತದಾ? ಇಡೀ ಬೀದಿ ಟೆಂಪೊ ಮಾಡಿಕೊಂಡು ಹೊರಟಿತು, ನಾಲ್ಕೂ ಕೋಳಿ ಮನೆಯವರು ಒಟ್ಟಿಗೇ. ಒಬ್ಬರದ್ದು ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂತ ನಾವು ಅಂದುಕೊಂಡಿದ್ದೆವು, ಆ ಇನ್ನೊಬ್ಬರು ಪಕ್ಕದ ಸೀಟಿನಲ್ಲೇ ಕೂತಿದ್ದರು! ಹಿರಿಯೂರು ದಾಟಿದ ಮೇಲೆ ಅಜ್ಜಿ ಕೇಳಿದರು, "ಗೂಡು ಮುಚ್ಚೋರು ಯಾರು?" ಯಾರೂ ಬಾಯಿ ಬಿಡಲಿಲ್ಲ.

ನೀರು ಧುಮುಕುವುದನ್ನು ನೋಡಿದೆವು. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮನೆ ಸೇರಿದಾಗ ರಾತ್ರಿ ಒಂಬತ್ತೂವರೆ. ಕೋಳಿಗಳು ತಮ್ಮ ಪಾಡಿಗೆ ತಾವು ಹೊತ್ತು ಮುಳುಗುವಾಗ ಗೂಡು ಸೇರಿದ್ದವು, ಬಾಗಿಲು ಮಾತ್ರ ಹಾರು ಹೊಡೆದಿತ್ತು. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದಿಲ್ಲ, ನಾಯಿಗೆ ಕಾಣುತ್ತದೆ. ನನ್ನವು ಮೂರು ಹೋದವು, ಅಜ್ಜಿಯದು ಕಾವು ಕೂತಿದ್ದ ಹ್ಯಾಟೆಯೇ ಹೋಯಿತು, 17ನೇ ದಿನಕ್ಕೆ. ಮೊಟ್ಟೆಗಳು ಹಾಗೇ ತಣ್ಣಗಾಗಿದ್ದವು.

ಅಂದಿನಿಂದ ನಮ್ಮದೊಂದು ಕಟ್ಟುಪಾಡು. ನಾಲ್ಕು ಮನೆಯಲ್ಲಿ ಒಬ್ಬರಾದರೂ ಬೀದಿಯಲ್ಲಿ ಇದ್ದು ಉಳಿದವರ ಕೋಳಿ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಗೂಡು ತೆಗೆದ ಮೇಲೆ ಹೊರಟು, ಗೂಡು ಮುಚ್ಚುವ ಮೊದಲು ಬರಬೇಕು. ಹಂಪಿಗೆ ಹೋದಾಗ ನಾನು ಇದನ್ನು ಮುರಿದು ಹುಡುಗನ ಕೈಗೆ ಕೊಟ್ಟೆ, ಅನುಭವಿಸಿದೆ.

ಹೀಗೆ ಹೋಗಿ ಬರುವ ಜಾಗಕ್ಕೆ ನಮ್ಮ ಕಡೆ ಬರಗಾಲವಿಲ್ಲ. ದುರ್ಗದ ಕೋಟೆಯನ್ನೇ ತೆಗೆದುಕೊಳ್ಳಿ. ಊರಿನವರು ಓಬವ್ವನ ಕಿಂಡಿ ನೋಡಿ, ಫೋಟೊ ತೆಗೆದು ಇಳಿದುಬಿಡುತ್ತಾರೆ. ನಾವು ಹೋದ ವರ್ಷ ಬೆಳಿಗ್ಗೆ ಹೋದವರು ಹೊಂಡಗಳನ್ನಷ್ಟೇ ನೋಡುತ್ತಾ ನಡೆದೆವು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ. ಬಂಡೆ ಮೇಲೆ ಬಿದ್ದ ಮಳೆಯನ್ನು ಹೀಗೆ ಒಂದರಿಂದ ಒಂದಕ್ಕೆ ಇಳಿಸಿದ್ದಾರೆ ನಾಯಕರ ಕಾಲದವರು. ಯಜಮಾನರು ಅದನ್ನು ನೋಡಿ ಬಂದು ಹಳೆ ಕ್ಯಾನಿಗೆ ತೂತು ಹಾಕಿ, ಬಟ್ಟಲಲ್ಲಿ ನೀರು ಇಳಿದಷ್ಟೂ ತುಂಬುವ ಹಾಗೆ ಮಾಡಿದರು. ಈಗ ಅದಕ್ಕೆ ಮನೆಯಲ್ಲಿ ಗೋಪಾಲಸ್ವಾಮಿ ಹೊಂಡ ಅಂತಲೇ ಹೆಸರು.

ಸಂತೇಬೆನ್ನೂರಿನ ಪುಷ್ಕರಣಿ ಅರ್ಧ ದಿನದ ಕೆಲಸ. ನೀರಿನ ನಡುವೆ ಮಂಟಪ, ಎದುರಿಗೆ ಮುಸಾಫಿರ್‌ಖಾನೆ. ಸಮಯ ಉಳಿದರೆ ಸೂಳೆಕೆರೆ ಏರಿ ಮೇಲೆ ಬುತ್ತಿ ಬಿಚ್ಚಬಹುದು. ಹರಿಹರದ ಹರಿಹರೇಶ್ವರ ಗುಡಿ ಇದೆ, ಚಂದ್ರವಳ್ಳಿ ಇದೆ. ದಾವಣಗೆರೆಗೆ ಹೋದರೆ ಬೆಣ್ಣೆದೋಸೆ ತಿನ್ನದೆ ಬರುವ ಹಾಗಿಲ್ಲ, ಅದಕ್ಕೆ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ನಮಗೆ ತೊಡಕಾಗುವುದು ಜಾಗ ಅಲ್ಲ, ವಾಪಸ್ ಬರುವ ಬಸ್ಸು. ನವೆಂಬರ್‌ನಲ್ಲಿ ಆರು ಗಂಟೆ ಹೊಡೆಯುವ ಮೊದಲೇ ಹೊತ್ತು ಮುಳುಗುತ್ತದೆ. ಕಾರು ಇಲ್ಲದವರು ಹಳ್ಳಿ ಬಸ್ಸಿನ ಸಮಯ ತಿಳಿಯದೆ ಸ್ಟ್ಯಾಂಡಿನಲ್ಲಿ ನಿಂತು ಆಕಾಶ ನೋಡಬೇಕು. ನಿಮ್ಮ ಪ್ರವಾಸದ ಪುಟದಲ್ಲಿ ಹೋಟೆಲ್ ಬಾಡಿಗೆ ಎಷ್ಟು ಅಂತ ಇರುತ್ತದೆ, ಸಂಜೆ ವಾಪಸ್ ಬರುವ ಬಸ್ಸು ಎಷ್ಟೊತ್ತಿಗೆ ಎಲ್ಲಿ ಸಿಗುತ್ತದೆ ಅಂತ ಇರುವುದಿಲ್ಲ. ಕೋಳಿ ಸಾಕಿದವರಷ್ಟೇ ಅಲ್ಲ, ಹಸು ಕರೆಯುವವರು, ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರು, ಎಲ್ಲರೂ ಸಂಜೆ ಒಳಗೆ ಬರಲೇಬೇಕಾದವರು.

ಈ ದಸರಾಕ್ಕೆ ಅಂಥ ಒಂದು ಪುಟ ಮಾಡಿ. ಎರಡು ಜಿಲ್ಲೆಯೊಳಗಿನ ಜಾಗ, ಹೋಗುವ ಬಸ್ಸು, ಬರುವ ಬಸ್ಸು, ಅಷ್ಟು ಸಾಕು. ಫೋಟೊ ಚಿಕ್ಕದಾದರೂ ಪರವಾಗಿಲ್ಲ. ಹಾಕುವುದಾದರೆ ಶನಿವಾರ ಹಾಕಿ. ಭಾನುವಾರ ನನ್ನ ಸರದಿ ಇಲ್ಲ, ಅಜ್ಜಿ ಮನೆಯಲ್ಲೇ ಇರುತ್ತಾರೆ.

ಇಂತಿ,
ಕೋಳಿ ಸಾಕುವ ನಿಮ್ಮ ಓದುಗಿ
ಭರಮಸಾಗರ, ಚಿತ್ರದುರ್ಗ ಜಿಲ್ಲೆ