ಭಾನುವಾರದ ಇಂಗ್ಲಿಷ್ ಅಭ್ಯಾಸ: ಈ ಸಲ ‘ಕ್ವೈಟ್’

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 8ಕ್ಕೆ ಲಾಲ್‌ಬಾಗ್ ಪಶ್ಚಿಮ ಗೇಟ್ ಹತ್ತಿರ ಸೇರೋಣ. ಹೊಸಬರೂ ಬನ್ನಿ.

ಹೋದ ವಾರ ಜಾಸ್ತಿ ಜನ ತಡವರಿಸಿದ್ದು ‘ಕ್ವೈಟ್’ ಪದದಲ್ಲೇ, ಅಲ್ವಾ? ‘ಕ್ವೈಟ್ ಗುಡ್’ ಅಂದರೆ ಅಮೆರಿಕದವರಿಗೆ ಸಾಮಾನ್ಯವಾಗಿ ‘ತುಂಬ ಚೆನ್ನಾಗಿದೆ’. ಬ್ರಿಟನ್ನಿನವರ ಬಾಯಲ್ಲಿ ಅದೇ ಮಾತು ಎಷ್ಟೋ ಸಲ ‘ಪರವಾಗಿಲ್ಲ’ ಅನ್ನುವಷ್ಟೇ. ಆಫೀಸಿನಲ್ಲಿ ಎರಡೂ ದೇಶದವರ ಜೊತೆ ಮಾತಾಡುವವರು ಇದನ್ನು ದಯವಿಟ್ಟು ನೆನಪಿಡಿ. ಲಂಡನ್ನಿನಿಂದ ಹಾಗೊಂದು ಮೇಲ್ ಬಂದರೆ, ಇನ್ನೇನಾದರೂ ತಿದ್ದಬೇಕಾ ಅಂತ ಕೇಳಿಬಿಡುವುದು ಒಳ್ಳೆಯದು. ಆದರೆ ‘ಕ್ವೈಟ್ ಇಂಪಾಸಿಬಲ್’ ಅಂದಾಗ ಎರಡೂ ಕಡೆ ಅರ್ಥ ಒಂದೇ: ಪೂರ್ತಿ ಅಸಾಧ್ಯ. ಅಸಾಧ್ಯದಲ್ಲಿ ಸ್ವಲ್ಪ, ಜಾಸ್ತಿ ಅಂತ ಇರುವುದಿಲ್ಲವಲ್ಲ, ಅದಕ್ಕೇ.

‘ಕ್ವೈಟ್ ಎ ಲಾಂಗ್ ಡೇ’ ಅನ್ನುವಾಗ ‘ಎ’ ಬರುವುದು ‘ಕ್ವೈಟ್’ ಆದಮೇಲೆ. ಸದ್ದಿಲ್ಲದ್ದು ಅನ್ನುವ ‘ಕ್ವಯೆಟ್’ ಬೇರೆ ಪದ. ಇಂಗ್ಲಿಷಿನಲ್ಲಿ ಬರೆಯುವಾಗ (quite, quiet) ಕೊನೆಯ ಎರಡು ಅಕ್ಷರ ಅದಲುಬದಲಾಗುತ್ತವೆ, ಟೈಪ್ ಮಾಡುವಾಗ ಒಮ್ಮೆ ನೋಡಿಕೊಳ್ಳಿ.

ಶನಿವಾರ ರಾತ್ರಿ 9ರೊಳಗೆ ‘ಕ್ವೈಟ್’ ಬಳಸಿ ಎರಡು ವಾಕ್ಯ ಇಲ್ಲೇ ಹಾಕಿ. ತಪ್ಪಾದರೂ ಚಿಂತೆಯಿಲ್ಲ, ಸೇರಿದಾಗ ಒಟ್ಟಿಗೆ ತಿದ್ದೋಣ. ಬರುವವರು ಈಗಲೇ ‘ಬರ್ತೀನಿ’ ಅಂತ ಉತ್ತರಿಸಿ.